ನಿಮ್ಮ ವಾರ್ಡಿಗೆ ಬಂದ ಅನುದಾನ ಎಲ್ಲಿ ಹೋಯ್ತು, ಮೇಡಂ?

ಪುರಸಭೆ ಸದಸ್ಯೆಯಾದಾಗಿನಿಂದ ಮದುವೆ ಮನೆಯಲ್ಲಿ, ನ್ಯಾಯಬೆಲೆ ಅಂಗಡಿ ಮುಂದೆ, ಬಸ್ಸಿನಲ್ಲಿ ಸಿಕ್ಕವರೂ ಕೇಳುವುದು ಇದೊಂದನ್ನೇ. "ನಿಮಗೆ ವರ್ಷಕ್ಕೆ ಎಷ್ಟು ಬರುತ್ತೆ? ಬಂದದ್ದು ಏನಾಯ್ತು?" ನನ್ನನ್ನು ಬಿಟ್ಟು ನಮ್ಮ ಯಜಮಾನರನ್ನು ಕೇಳುವವರೂ ಇದ್ದಾರೆ. ಅವರಿಗೆ ತಮ್ಮ ಅಂಗಡಿಯ ಲೆಕ್ಕವೇ ಸಾಕಾಗಿದೆ. ಸಭೆಗೆ ಹೋಗುವವಳು, ಸಹಿ ಹಾಕುವವಳು ನಾನು. ಉತ್ತರವನ್ನೂ ನಾನೇ ಬರೆಯುತ್ತೇನೆ.

ನನ್ನ ಕೈಗೆ ಅನುದಾನ ಅಂತ ಒಂದು ರೂಪಾಯಿಯೂ ಬರುವುದಿಲ್ಲ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಇಂಥ ಕಾಮಗಾರಿ ಆಗಲಿ ಎಂದು ಅವರು ಶಿಫಾರಸು ಮಾಡಬಹುದು. ಅದನ್ನು ನೋಡಿ ನಮಗೂ ಅಂಥದ್ದೊಂದು ಇದೆ ಎಂದುಕೊಂಡುಬಿಟ್ಟಿದ್ದಾರೆ ಜನ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಇರುವುದು ಇಡೀ ಊರಿಗೆ ಒಂದೇ ಪುರಸಭೆ ನಿಧಿ. ಆ ವರ್ಷ ಯಾವ ಯಾವ ಕಾಮಗಾರಿ ಎಂಬ ಕ್ರಿಯಾಯೋಜನೆ ಮಾಡುವಾಗ ಅದನ್ನು ವಾರ್ಡ್‌ವಾರು ಸಮನಾಗಿ ಹಂಚಿಕೊಳ್ಳುವುದು ನಮ್ಮಲ್ಲಿ ಬೆಳೆದುಬಂದ ರೂಢಿ. ನನಗಂತೂ ಆ ರೂಢಿ ಒಪ್ಪಿಗೆಯಿಲ್ಲ. ಎಲ್ಲರಿಗೂ ಒಂದೊಂದು ತುಂಡು ಚರಂಡಿ ಸಿಗುತ್ತದೆ, ನೀರು ಮಾತ್ರ ಪಕ್ಕದ ವಾರ್ಡಿನ ಗಡಿಯಲ್ಲಿ ಬಂದು ನಿಲ್ಲುತ್ತದೆ.

ಹಣ ಬರುವಾಗಲೇ ಹಣೆಪಟ್ಟಿ ಕಟ್ಟಿಕೊಂಡು ಬರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಮ್ಮಂಥ ಊರುಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ಸಂಬಳ ಕೊಡುವಂತಿರಲಿಲ್ಲ. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಹಣದಲ್ಲಿ ವೇತನದ್ದು, ವಿದ್ಯುತ್ತಿನದ್ದು ಬೇರೆ ಬೇರೆ. ಕೊನೆಗೆ ಮುಕ್ತನಿಧಿ ಅಂತ ಒಂದಿಷ್ಟು. ಹೆಸರು ಕೇಳಿ ಹಿಗ್ಗಬೇಡಿ. ಅದರಲ್ಲೂ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಎತ್ತಿಡಬೇಕು. ಎತ್ತಿಡುವುದು ನ್ಯಾಯವೇ. ಎತ್ತಿಟ್ಟದ್ದು ಮಾರ್ಚ್ ಕಳೆದರೂ ಖರ್ಚಾಗದೆ ಖಾತೆಯಲ್ಲೇ ಕೂತಿರುತ್ತದಲ್ಲ, ನನ್ನ ತಕರಾರು ಅಲ್ಲಿ.

"ನಾವು ಕಟ್ಟೋ ಕಂದಾಯ?" ಎನ್ನುತ್ತೀರಿ. ಒಮ್ಮೆ ಚಲನ್ ತೆಗೆದು ನೋಡಿ. ಆಸ್ತಿ ತೆರಿಗೆ 3,000 ರೂಪಾಯಿ ಇದೆ ಅನ್ನಿ. ಅದರ ಮೇಲೆ ಆರೋಗ್ಯ ಕರ ಶೇ 15, ಅಂದರೆ 450. ಗ್ರಂಥಾಲಯ ಕರ ಶೇ 6, ಅಂದರೆ 180. ಭಿಕ್ಷುಕರ ಕರ ಶೇ 3, ಅದು 90. ಈ 720 ರೂಪಾಯಿಯನ್ನು ವಸೂಲಿ ಮಾಡುವ ಕೆಲಸ ನಮ್ಮದು, ದುಡ್ಡು ಬೇರೆಯವರದು. ಇನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಬೀದಿದೀಪ ಕೆಟ್ಟಿದೆ ಎಂದು ಜೋರಾಗಿ ಕೂಗುವವರ ಹೆಸರನ್ನು ಬಾಕಿದಾರರ ಪಟ್ಟಿಯಲ್ಲಿ ನೋಡಿದ್ದೂ ಉಂಟು. ಬಾಯಿ ಬಿಡುವುದಿಲ್ಲ, ಬಿಡಿ.

ಹಾಗಾದರೆ ನೀವಿರುವುದು ಯಾತಕ್ಕೆ ಅಂತೀರೇನೋ. ಸದಸ್ಯರ ನಿಜವಾದ ಕೆಲಸ ಇರುವುದು ಜಮಾ-ಖರ್ಚಿನ ಪಟ್ಟಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಸಭೆಯಲ್ಲಿ ಹಿಂದಿನ ನಡಾವಳಿ ಓದಿ ಮುಗಿಸುತ್ತಲೇ ಅದು ಬರುತ್ತದೆ. "ಜಮಾ-ಖರ್ಚು" ಎನ್ನುತ್ತಾರೆ, "ಪಾಸ್, ಪಾಸ್" ಎನ್ನುತ್ತಾರೆ, ಮುಗಿಯಿತು. ಆಮೇಲೆ ಬಲ್ಬಿನ ಮೇಲೆ ಊಟದ ಹೊತ್ತಿನವರೆಗೆ ಜಗಳ. ಆ ಪಟ್ಟಿಯಲ್ಲಿ ಏನೇನಿರುತ್ತದೆ ಗೊತ್ತೆ? ಟ್ರ್ಯಾಕ್ಟರ್ ಡೀಸೆಲ್, ಬ್ಲೀಚಿಂಗ್ ಪೌಡರ್, ನೀರು ತಿಳಿಯಾಗಿಸುವ ಆಲಂ, ಜೆಸಿಬಿ ಬಾಡಿಗೆ, ಕೊಳವೆಬಾವಿ ಮೋಟಾರ್ ರಿವೈಂಡಿಂಗ್.

ನಮ್ಮಲ್ಲಿ ಒಂದೇ ಕೊಳವೆಬಾವಿಯ ಮೋಟಾರು ಮತ್ತೆ ಮತ್ತೆ ಸುಡುತ್ತಿತ್ತು. ಒಂದೊಂದು ಬಿಲ್ಲೂ ಸಣ್ಣದು, ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹಳೆಯ ಪಟ್ಟಿಗಳನ್ನೆಲ್ಲ ಜೋಡಿಸಿ ಹಿಡಿದುಕೊಂಡು ಲಾಗ್‌ಬುಕ್ ತರಿಸಿ ಎಂದೆ. ಸಭೆಯಲ್ಲಿ ಸಿಗದ ಉತ್ತರ ನೀರು ಬಿಡುವ ವಾಲ್‌ಮನ್ ಹತ್ತಿರ ಸಿಕ್ಕಿತು. "ಪ್ರಿವೆಂಟರ್ ಕೆಟ್ಟು ಎಷ್ಟೋ ದಿನ ಆಯ್ತಕ್ಕ. ಡೈರೆಕ್ಟ್ ಕೊಟ್ಟವ್ರೆ. ಒಂದು ಫೇಸ್ ಹೋದ್ರೂ ಮೋಟಾರ್ ಓಡ್ತಾನೇ ಇರುತ್ತೆ, ಸುಡದೆ ಇನ್ನೇನಾಗುತ್ತೆ?" ಪ್ರಿವೆಂಟರ್ ಅಂದರೆ ಒಂದು ಫೇಸ್ ಹೋದರೆ ಮೋಟಾರನ್ನು ತಾನೇ ನಿಲ್ಲಿಸುವ ಸಾಧನ. ಹೊಸದು ಹಾಕಿದ ಮೇಲೆ ರಿವೈಂಡಿಂಗ್ ಬಿಲ್ ನಿಂತಿತು. ಕಳ್ಳತನ ಹೊರಬೀಳುತ್ತದೆಂದು ಕಾದಿದ್ದವರಿಗೆ ಸಿಕ್ಕಿದ್ದು ಬರೀ ಅಸಡ್ಡೆ. ಪೇಪರಿನಲ್ಲಿ ಬರುವ ಸುದ್ದಿ ಅಲ್ಲ, ಫ್ಲೆಕ್ಸ್ ಹಾಕಿಸಿಕೊಳ್ಳುವ ಸಾಧನೆಯೂ ಅಲ್ಲ. ಆದರೆ ಕೊಡ ಹಿಡಿದು ಕಾಯುವ ದಿನಗಳು ಆ ಬೀದಿಯಲ್ಲಿ ಕಡಿಮೆಯಾದವು.

ಖರ್ಚಿಗಿಂತ ಕಷ್ಟದ್ದು ಜಮೆಯ ಕಡೆ. ಅದರಲ್ಲೂ ಪುರಸಭೆ ಮಳಿಗೆಗಳು. ಕರಾರು ಒಬ್ಬರ ಹೆಸರಿನಲ್ಲಿ, ಗಲ್ಲಾಪೆಟ್ಟಿಗೆ ಮುಂದೆ ಕೂತವರು ಇನ್ನೊಬ್ಬರು. ಒಳಬಾಡಿಗೆ ಇಂದಿನ ದರಕ್ಕೆ, ಪುರಸಭೆಗೆ ಬರುವುದು ಯಾವ ಕಾಲದ್ದೋ ದರ, ಅದೂ ಬಾಕಿ. ಅವಧಿ ಮುಗಿದಿದೆ, ಮರುಹರಾಜು ಹಾಕಿ ಎಂದ ದಿನ ಸಂಜೆಯೊಳಗೆ ನನಗೆ ಬಂದ ಫೋನುಗಳಲ್ಲಿ ನಮ್ಮ ಪಕ್ಷದವರದೇ ಹೆಚ್ಚು. "ಪಾಪ, ಬಡವರ ಹೊಟ್ಟೆ ಮೇಲೆ ಹೊಡೀಬೇಡಿ" ಎಂದರು. ಕರಾರಿನಲ್ಲಿರುವ ಹೆಸರುಗಳಲ್ಲಿ ಬಡವರು ಎಷ್ಟು ಮಂದಿ ಎಂಬುದು ಅವರಿಗೂ ಗೊತ್ತು. ಹಣೆಪಟ್ಟಿ ಇಲ್ಲದ, ನಾವೇ ಕೂತು ನಿರ್ಧರಿಸಬಹುದಾದ ಹಣ ಬೇಕೆಂದರೆ ಅದು ಬರಬೇಕಾದದ್ದು ಅಲ್ಲಿಂದ, ಬಾಕಿ ಕಂದಾಯದಿಂದ, ಪರವಾನಗಿ ಶುಲ್ಕದಿಂದ. ಬೆಂಗಳೂರಿಗೆ ನಿಯೋಗ ಹೋಗಿ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಇದಕ್ಕಿಂತ ಸುಲಭ, ಹಾಗಾಗಿ ಎಲ್ಲರೂ ಅದನ್ನೇ ಮಾಡುತ್ತಾರೆ.

ಬಜೆಟ್‌ಗೆ ಮುಂಚೆ ಪುರಸಭೆ ಪೂರ್ವಭಾವಿ ಸಭೆ ಕರೆಯುತ್ತದೆ, ನಾಗರಿಕರೂ ಬಂದು ಮಾತಾಡಬಹುದು. ಬರುವವರು ಬೆರಳೆಣಿಕೆ. ಈ ಸಲ ಬನ್ನಿ. ನಮ್ಮ ಬೀದಿಗೆ ಏನು ಕೊಟ್ಟಿರಿ ಎಂಬುದನ್ನು ಆಮೇಲೆ ಕೇಳುವಿರಂತೆ. ಮೊದಲು ಮಳಿಗೆ ಬಾಡಿಗೆ ಬಾಕಿ ಎಷ್ಟು, ಯಾರ ಯಾರದು ಅಂತ ಕೇಳಿ. ನಾನು ಕೇಳಿದರೆ ರಾಜಕೀಯ ಎನ್ನುತ್ತಾರೆ. ನೀವು ಹತ್ತು ಜನ ಎದ್ದು ನಿಂತು ಕೇಳಿದರೆ ಮುಖ್ಯಾಧಿಕಾರಿಗಳು ಫೈಲು ತರಿಸಲೇಬೇಕಾಗುತ್ತದೆ.