ರಕ್ತ ಕೊಟ್ಟಾದ ಮೇಲೆ

ಜ್ಯೂಸ್ ಕುಡಿದು ಸೆಲ್ಫಿ ಹಾಕಿದರೆ ನಮ್ಮ ಕೆಲಸ ಮುಗಿಯಿತು. ರಕ್ತದ ಕೆಲಸ ಶುರುವಾಗುವುದೇ ಆಮೇಲೆ. ಇವತ್ತಿನ ಕ್ಯಾಂಪಿನಲ್ಲಿ ಸಿಸ್ಟರ್ ಚೀಲದ ಜೊತೆ ಪುಟ್ಟ ಟ್ಯೂಬುಗಳಿಗೂ ರಕ್ತ ಹಿಡಿದು, ಚೀಲದ ನಂಬರನ್ನೇ ಅವಕ್ಕೂ ಅಂಟಿಸಿದರು. ಪರೀಕ್ಷೆ ಆಗುವುದು ಆ ಟ್ಯೂಬಿನ ರಕ್ತಕ್ಕೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ನಮ್ಮ ದೇಶದಲ್ಲಿ ಈ ಐದೂ ಕಡ್ಡಾಯ. ರಿಪೋರ್ಟ್ ಬರುವವರೆಗೆ ಚೀಲ ಯಾರಿಗೂ ಕೊಡುವಂತಿಲ್ಲ.

ಆದರೂ ಸೋಂಕು ತೀರಾ ಹೊಸದಾಗಿದ್ದರೆ ರಿಪೋರ್ಟ್ ನೆಗೆಟಿವ್ ಅಂತಲೇ ಬರಬಹುದು. ನ್ಯಾಟ್ ಪರೀಕ್ಷೆ ವೈರಸ್ಸಿನ ವಂಶವಾಹಿಯನ್ನೇ ಹುಡುಕುತ್ತದೆ, ಹಾಗಾಗಿ ಬೇಗ ಪತ್ತೆಯಾಗುತ್ತದೆ. ಆದರೂ ಸೋಂಕು ತಗುಲಿದ ಮೊದಲ ಕೆಲವು ದಿನ ಅದಕ್ಕೂ ಸಿಗುವುದಿಲ್ಲ. ದುಬಾರಿ ಬೇರೆ.

ಅದಕ್ಕೇ ಫಾರಂನಲ್ಲಿ ಹಚ್ಚೆ, ಕಾಮಾಲೆ, ಲೈಂಗಿಕ ಸಂಪರ್ಕ ಅಂತೆಲ್ಲ ಮುಜುಗರದ ಪ್ರಶ್ನೆಗಳು. ಪಕ್ಕದ ಹುಡುಗ ಓದದೇ ಎಲ್ಲಕ್ಕೂ ‘ಇಲ್ಲ’ ಅಂತ ಟಿಕ್ ಹಾಕುತ್ತಿದ್ದ. “ನಿಧಾನಕ್ಕೆ ಓದಪ್ಪಾ” ಅಂದರು ಡಾಕ್ಟರು.

1998ರಿಂದ ನಮ್ಮಲ್ಲಿ ದುಡ್ಡಿಗೆ ರಕ್ತ ಮಾರುವಂತಿಲ್ಲ. ದುಡ್ಡಿನ ಅವಸರ ಇದ್ದವನು ಕಾಯಿಲೆ ಮುಚ್ಚಿಡುತ್ತಾನೆ, ನಿಜ. ಆದರೆ “ಆಫೀಸಿನವರೆಲ್ಲ ಕೊಡ್ತಿದ್ದಾರೆ, ನೀನೂ ಬಾ” ಅಂತ ಸುಮ್ನೆ ಎಳೆದು ತಂದವನು ಮಾತ್ರ ನಿಜ ಬರೆಯುತ್ತಾನಾ? ಅದೂ ಬಾಸ್ ಪಕ್ಕದ ಕುರ್ಚಿಯಲ್ಲೇ ಕೂತಿರುವಾಗ?