ಉತ್ತರಪತ್ರಿಕೆಯ ಅಂಚಿನ ಕೆಂಪು ಶಾಯಿ

1988ರಲ್ಲಿ ನಾನು ಭೌತಶಾಸ್ತ್ರದ ಎಂ.ಎಸ್ಸಿ. ತರಗತಿಗೆ ಸೇರಿದಾಗ, ಓಝೋನ್ ಪದರದ ರಕ್ಷಣೆಗಾಗಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದು ಇನ್ನೂ ವರ್ಷ ತುಂಬಿರಲಿಲ್ಲ. ಪತ್ರಿಕೆಗಳಲ್ಲಿ ಓಝೋನ್ ರಂಧ್ರದ ಸುದ್ದಿಯೂ ಭೂಮಿ ಬಿಸಿಯಾಗುತ್ತಿರುವ ಸುದ್ದಿಯೂ ಅಕ್ಕಪಕ್ಕದಲ್ಲಿ ಬರುತ್ತಿದ್ದ ಕಾಲವದು. ಎರಡನ್ನೂ ಓದಿ ತಲೆಯಲ್ಲಿ ಕಲಸಿಕೊಂಡಿದ್ದ ನಾನು, ಪದರದಲ್ಲಿ ತೂತು ಬಿದ್ದಿರುವುದರಿಂದಲೇ ಸೂರ್ಯನ ಶಾಖ ಒಳನುಗ್ಗಿ ಭೂಮಿ ಕಾಯುತ್ತಿದೆ ಎಂದು ಮೊದಲ ಕಿರುಪರೀಕ್ಷೆಯಲ್ಲಿ ಒಂದು ಪುಟ ತುಂಬ ಬರೆದೆ. ಹತ್ತಕ್ಕೆ ಎರಡು ಅಂಕ ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: “ಬಿಸಿಲು ಒಳಗೆ ಬರುವುದು ಬೇರೆ, ಬಿಸಿ ಹೊರಗೆ ಹೋಗದಿರುವುದು ಬೇರೆ. ನಾಳೆ ಬಂದು ಕಾಣುವುದು.”

ಹಾಗೆ ಬರೆದವರು ನಮಗೆ ವಾಯುಮಂಡಲ ವಿಜ್ಞಾನ ಕಲಿಸುತ್ತಿದ್ದ ಪ್ರಾಧ್ಯಾಪಕರು. ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಮರುದಿನ ಅವರು ಗದರಲಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆದು, ಮೇಲಿನದು ಓಝೋನ್ ಪದರವಿರುವ ಸ್ತರಗೋಳ, ಕೆಳಗಿನದು ನಾವಿರುವ ನೆಲ ಎಂದರು. ಓಝೋನ್ ತಡೆಯುವುದು ಮೇಲಿಂದ ಬರುವ ಅತಿನೇರಳೆ ಕಿರಣವನ್ನು. ಹಸಿರುಮನೆ ಅನಿಲಗಳು ಹಿಡಿದಿಡುವುದು ನೆಲದಿಂದ ಮೇಲೇಳುವ ಅವಕೆಂಪು ಕಿರಣವನ್ನು, ಅಂದರೆ ಶಾಖವನ್ನು. ಓಝೋನ್ ಅತಿನೇರಳೆಯನ್ನು ಹೀರಿಯೇ ಸ್ತರಗೋಳ ಬೆಚ್ಚಗಿರುವುದು, ಆದ್ದರಿಂದ ಅದು ಕಡಿಮೆಯಾದರೆ ಅಲ್ಲಿ ಚಳಿ ಹೆಚ್ಚುತ್ತದೆಯೇ ಹೊರತು ಸೆಕೆಯಲ್ಲ. ಅಲ್ಲಿಗೆ ನನ್ನ ಒಂದು ಪುಟದ ಉತ್ತರ ಪೂರ್ತಿ ಕುಸಿದಿತ್ತು.

“ಆದರೆ ನೀನು ಎರಡನ್ನೂ ಗಂಟು ಹಾಕಿದ್ದು ಪೂರ್ತಿ ಸುಳ್ಳೇನಲ್ಲಪ್ಪ, ಗಂಟು ಇರುವ ಜಾಗ ಬೇರೆ,” ಎಂದು ಅವರು ವಿಜ್ಞಾನಿ ವೀರಭದ್ರನ್ ರಾಮನಾಥನ್ ಅವರ ಕಥೆ ತೆಗೆದರು. ಎಂಜಿನಿಯರಿಂಗ್ ಮುಗಿಸಿದ ರಾಮನಾಥನ್ ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಂಪನಿಯಲ್ಲಿ ಕೆಲಸಕ್ಕಿದ್ದರು; ಶೈತ್ಯಕಾರಕ ಅನಿಲ ಯಾಕೆ ಸೋರಿಹೋಗುತ್ತಿದೆ ಎಂದು ಪತ್ತೆ ಹಚ್ಚುವುದೇ ಅವರ ಕೆಲಸವಾಗಿತ್ತು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಗ್ರಹಗಳ ವಾಯುಮಂಡಲದ ಮೇಲೆ ಸಂಶೋಧನೆ ಮಾಡಿದರು. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್, ರೆಫ್ರಿಜರೇಟರುಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ (ಸಿಎಫ್‌ಸಿ) ಅನಿಲಗಳು ಸ್ತರಗೋಳಕ್ಕೇರಿ ಅಲ್ಲಿ ಅತಿನೇರಳೆ ಕಿರಣಕ್ಕೆ ಒಡೆದು, ಹೊರಬಿದ್ದ ಕ್ಲೋರಿನ್ ಓಝೋನನ್ನು ನಾಶಮಾಡುತ್ತದೆ ಎಂದು ಪ್ರಕಟಿಸಿದರು. ಎಲ್ಲರೂ ತಲೆಯೆತ್ತಿ ಮೇಲೆ ನೋಡುತ್ತಿದ್ದಾಗ, ರಾಮನಾಥನ್ ಅದೇ ಅನಿಲ ನೆಲದ ಶಾಖಕ್ಕೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿದರು. 1975ರಲ್ಲಿ ಬಂದ ಉತ್ತರ ಅವರಿಗೇ ನಂಬಲಾಗದಂಥದ್ದು: ಅದರ ಒಂದು ಅಣು, ಶಾಖವನ್ನು ಹಿಡಿಯುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 10,000 ಅಣುಗಳಿಗೆ ಸಮ.

ಯಾಕೆ ಹೀಗೆ ಎಂಬುದನ್ನು ಮೇಷ್ಟ್ರು ವಿವರಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ನೆಲದ ಶಾಖ ಹೊರಹೋಗುವ ಹಾದಿಯಲ್ಲಿ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಬಹುಪಾಲು ಬಾಗಿಲುಗಳನ್ನು ಮುಚ್ಚಿಬಿಟ್ಟಿವೆ. ಸುಮಾರು 8ರಿಂದ 12 ಮೈಕ್ರೋಮೀಟರ್ ತರಂಗದೂರದಲ್ಲಿ ಮಾತ್ರ ಒಂದು ಕಿಟಕಿ ತೆರೆದಿದೆ. ಕ್ಲೋರೋಫ್ಲೋರೋಕಾರ್ಬನ್ ಸರಿಯಾಗಿ ಆ ಕಿಟಕಿಗೇ ಹೋಗಿ ಅಡ್ಡ ನಿಲ್ಲುತ್ತದೆ. ತುಂಬಿದ ಕೊಡಕ್ಕೆ ಇನ್ನೊಂದು ಚೆಂಬು ನೀರು ಹಾಕುವುದಕ್ಕೂ ಖಾಲಿ ಕೊಡಕ್ಕೆ ಹಾಕುವುದಕ್ಕೂ ಇರುವ ವ್ಯತ್ಯಾಸವಿದು ಎಂದು ಅವರು ಹೇಳುತ್ತಿದ್ದರು. ಹೋಲಿಕೆ ಅಷ್ಟು ನಿಖರವಲ್ಲ ಎಂದು ತಾವೇ ಒಪ್ಪಿಕೊಳ್ಳುತ್ತಲೂ ಇದ್ದರು.

ಎರಡನೆಯ ವರ್ಷ ನಾನು ಅವರ ಪ್ರಯೋಗಾಲಯ ಸೇರಿದೆ. ಅಲ್ಲಿನ ನಿತ್ಯದ ಕೆಲಸ ಗಾಳಿಯನ್ನು ಹಿಡಿಯುವುದು. ಪಂಪಿನಿಂದ ಗಾಳಿ ತೆಗೆದ ಗಾಜಿನ ಬುರುಡೆಯನ್ನು ಬಯಲಿಗೆ ಒಯ್ದು, ಗಾಳಿಗೆ ಮುಖವೊಡ್ಡಿ ನಿಂತು, ಉಸಿರು ಬಿಗಿಹಿಡಿದು, ಕೈಯನ್ನು ತಲೆಗಿಂತ ಎತ್ತರಕ್ಕೆ ಚಾಚಿ ಸ್ಟಾಪ್‌ಕಾಕ್ ತಿರುಗಿಸಬೇಕು. ಸುಯ್ ಎಂದು ಗಾಳಿ ಒಳಹೋಗುವ ಸದ್ದು ನಿಂತ ಮೇಲೆ ಮುಚ್ಚಿ, ಆಮೇಲಷ್ಟೇ ಉಸಿರು ಬಿಡಬೇಕು. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ನೂರು ಪಟ್ಟು ಹೆಚ್ಚಿರುತ್ತದೆ. ನನ್ನ ಮೊದಲ ಬುರುಡೆಯ ಹೊತ್ತಿಗೆ ಕೆಮ್ಮು ಬಂತು. ಹತ್ತು ಲಕ್ಷ ಭಾಗಕ್ಕೆ ಸುಮಾರು 350 ತೋರಿಸಬೇಕಾಗಿದ್ದ ಉಪಕರಣ 500 ದಾಟಿತು. ನಾನು ರಿಜಿಸ್ಟರಿನ ಆ ಸಾಲನ್ನು ಹೊಡೆದುಹಾಕಲು ರಬ್ಬರ್ ಹುಡುಕುತ್ತಿದ್ದೆ. ಪೆನ್ಸಿಲಿನಲ್ಲಿ ಬರೆದಿದ್ದೇ ನನ್ನ ಮೊದಲ ತಪ್ಪು ಎಂದು ಅಂದೇ ತಿಳಿಯಿತು.

ಮೇಷ್ಟ್ರು ನನ್ನ ಕೈಗೆ ಪೆನ್ನು ಕೊಟ್ಟು, ಅಂಕಿಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಕಾರಣ ಬರೆಯಲು ಹೇಳಿದರು. ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದ ಮಾತು ಬಂದದ್ದು ಆಗಲೇ. ಅಲ್ಲಿ 1950ರ ದಶಕದಿಂದ ಡಾಬ್ಸನ್ ಉಪಕರಣದಿಂದ ಓಝೋನ್ ಅಳೆಯುತ್ತಿದ್ದರು. ಅಕ್ಟೋಬರ್ ತಿಂಗಳಲ್ಲಿ ಸುಮಾರು 300 ಡಾಬ್ಸನ್ ಮಾನ ಇರುತ್ತಿದ್ದದ್ದು 1984ರ ಹೊತ್ತಿಗೆ 200ರ ಆಸುಪಾಸಿಗೆ ಇಳಿದಿತ್ತು. ಆ ಇಡೀ ಓಝೋನನ್ನು ನೆಲಮಟ್ಟದ ಒತ್ತಡಕ್ಕೆ ತಂದು ಹರಡಿದರೆ, ಮೂರು ಮಿಲಿಮೀಟರ್ ಇದ್ದ ಪದರ ಎರಡಾದ ಹಾಗೆ. ಜೋಸೆಫ್ ಫಾರ್ಮನ್, ಬ್ರಿಯಾನ್ ಗಾರ್ಡಿನರ್, ಜೊನಾಥನ್ ಶ್ಯಾಂಕ್ಲಿನ್ 1985ರಲ್ಲಿ ಇದನ್ನು ಪ್ರಕಟಿಸಿದರು. ನಾಸಾದ ಉಪಗ್ರಹವೂ ಆ ಕಡಿಮೆ ಅಂಕಿಗಳನ್ನು ಕಂಡಿತ್ತು, ಆದರೆ ಗಣಕದ ವ್ಯವಸ್ಥೆ ಅವುಗಳಿಗೆ ಅನುಮಾನದ ಗುರುತು ಹಾಕಿತ್ತು. ಗುರುತು ಹಾಕಿತ್ತೇ ಹೊರತು ಅಳಿಸಿರಲಿಲ್ಲ. ಹಾಗಾಗಿಯೇ ಹಿಂದಿರುಗಿ ನೋಡಿದಾಗ ರಂಧ್ರ ಖಂಡದಷ್ಟು ಅಗಲವಾಗಿ ಕಾಣಿಸಿತು. ಮರುವರ್ಷ ವಿಜ್ಞಾನಿ ಸೂಸನ್ ಸೊಲೊಮನ್ ಅವರ ತಂಡ ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಕೇಂದ್ರಕ್ಕೆ ಹೋಗಿ, ಧ್ರುವದ ಮೇಲಿನ ಹಿಮಮೋಡಗಳ ಮೈಮೇಲೆ ಕ್ಲೋರಿನ್ ಸಕ್ರಿಯವಾಗುತ್ತದೆ ಎಂಬ ವಿವರಣೆಗೆ ಪುರಾವೆ ಕೂಡಿಸಿತು.

ಇಂಥದೇ ಬುರುಡೆಗಳ ದೀರ್ಘ ದಾಖಲೆಯಿಂದಾಗಿ 2018ರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. 2010ರ ಹೊತ್ತಿಗೆ ತಯಾರಿಕೆ ನಿಲ್ಲಬೇಕಾಗಿದ್ದ ಸಿಎಫ್‌ಸಿ-11 ಎಂಬ ಕ್ಲೋರೋಫ್ಲೋರೋಕಾರ್ಬನ್ ಗಾಳಿಯಲ್ಲಿ ಇಳಿಯುತ್ತಿದ್ದ ವೇಗ 2012ರ ನಂತರ ನಿಧಾನವಾಗಿತ್ತು. ಯಾರೋ ಎಲ್ಲೋ ಮತ್ತೆ ತಯಾರಿಸುತ್ತಿದ್ದಾರೆ ಎಂದು ಗಾಳಿಯೇ ಹೇಳಿತು. ಆ ಸುದ್ದಿ ಓದಿದ ದಿನ ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ವರ್ಷವಾಗಿದ್ದರೂ ಅವರು ಕೇಳಿದ ಮೊದಲ ಪ್ರಶ್ನೆ, “ಅಳತೆಯ ದೋಷ ಎಷ್ಟಂತೆ?” ಎಂಬುದು.

ಕಳೆದ ವರ್ಷ ವಿಭಾಗಕ್ಕೆ ಹೋಗಿದ್ದಾಗ ಹಳೆಯ ರಿಜಿಸ್ಟರನ್ನು ಕೇಳಿ ತೆಗೆಸಿದೆ. ಹಾಳೆ ಹಳದಿಯಾಗಿದೆ. 500 ದಾಟಿದ ನನ್ನ ಅಂಕಿ ಅಲ್ಲೇ ಇದೆ, ಪಕ್ಕದ ಟಿಪ್ಪಣಿಯ ಕಾಲಮಿನಲ್ಲಿ ನನ್ನದೇ ಕೈಬರಹದಲ್ಲಿ ಒಂದು ಪದ: ಕೆಮ್ಮು.