ಹಳ್ಳ ದಾಟುವ ಕಡೆಯೆಲ್ಲ ಸೇತುವೆ ಅಂತ ಹಾಕಿದ್ರೆ ಆಗಲ್ವಾ?

ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೊಸದಾಗಿ ಬಂದವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಉಪಗ್ರಹ ಚಿತ್ರ ನೋಡಿಕೊಂಡು ರಸ್ತೆಯ ಗೆರೆ ಎಳೆಯುತ್ತೀರಿ. ಅದು ಹಳ್ಳದ ಗೆರೆಯನ್ನು ದಾಟಿದ ಕೂಡಲೇ ಎಡಿಟರ್, ಅಂದರೆ ನಕ್ಷೆ ತಿದ್ದುವ ಸಾಫ್ಟ್‌ವೇರ್, ಎಚ್ಚರಿಕೆ ಕೊಡುತ್ತದೆ. ಪಕ್ಕದಲ್ಲೇ ಸೇತುವೆ ಸೇರಿಸುವ ಬಟನ್ ಇರುತ್ತದೆ. ಒತ್ತಿದರೆ ಎಚ್ಚರಿಕೆ ಮಾಯ. ಕೈ ಅಲ್ಲಿಗೇ ಹೋಗುತ್ತೆ, ಸಹಜ.

ಆದರೆ ನನ್ನ ಉತ್ತರ: ಆಗಲ್ಲ. ಇಲ್ಲಿ ಏನೋ ಒಂದು ಇರಬೇಕು ಅನ್ನುವುದಷ್ಟೇ ಸಾಫ್ಟ್‌ವೇರ್‌ಗೆ ಗೊತ್ತು. ಅದು ಏನು ಅಂತ ಹೇಳಬೇಕಾದವರು ನೀವು.

ನಮ್ಮ ಹಳ್ಳಿ ರಸ್ತೆಗಳಲ್ಲಿ ಎಷ್ಟೋ ಕಡೆ ಇರುವುದು ಮೋರಿ. ಮಣ್ಣಿನಡಿ ಎರಡು ಸಿಮೆಂಟ್ ಪೈಪು, ಮೇಲೆ ಎಂದಿನಂತೆ ರಸ್ತೆ. ಆಗ ರಸ್ತೆಯ ಗೆರೆಯನ್ನು ಮುಟ್ಟಬೇಡಿ. ಹಳ್ಳದ ಗೆರೆಯನ್ನೇ ಅಷ್ಟು ಉದ್ದಕ್ಕೆ ತುಂಡು ಮಾಡಿ ‘ಟನಲ್=ಕಲ್ವರ್ಟ್, ಲೇಯರ್=-1’ ಅಂತ ಟ್ಯಾಗ್ (ಆ ಗೆರೆ ಏನು ಅಂತ ಹೇಳುವ ಚೀಟಿ) ಕೊಡಿ. ಅಂದರೆ ನೀರು ಮೋರಿಯೊಳಗೆ, ರಸ್ತೆಗಿಂತ ಒಂದು ಪದರ ಕೆಳಗೆ. ನೆರೆ ಬಂದಾಗ ಯಾವ ಸೇತುವೆ ಉಳಿದಿದೆ ಅಂತ ಹುಡುಕುವವರಿಗೆ ಮೋರಿಗಳೆಲ್ಲ ಸೇತುವೆಗಳಾಗಿ ಕಂಡರೆ ಏನು ಉಪಯೋಗ?

ಕರಾವಳಿ, ಮಲೆನಾಡಿನ ಕಡೆ ಬಂದರೆ ಮುಳುಗು ಸೇತುವೆಗಳಿವೆ. ಕಡಬದ ಹತ್ತಿರ ಹೊಸ್ಮಠದಲ್ಲಿ ಎತ್ತರದ ಹೊಸ ಸೇತುವೆ ಆಗುವ ತನಕ ಹಳೆಯದು ಮಳೆಗಾಲದಲ್ಲಿ ಮುಳುಗುತ್ತಿತ್ತು, ಸುಬ್ರಹ್ಮಣ್ಯಕ್ಕೆ ಹೋಗುವವರು ನೀರು ಇಳಿಯುವುದನ್ನು ಕಾಯಬೇಕಿತ್ತು. ಇಂಥವಕ್ಕೆ ‘ಬ್ರಿಡ್ಜ್=ಲೋ ವಾಟರ್ ಕ್ರಾಸಿಂಗ್’ ಅಂತ ಬೇರೆಯೇ ಟ್ಯಾಗ್ ಇದೆ. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಮುಳುಗು ಸೇತುವೆ, ಮಾಮೂಲಿ ಸೇತುವೆ ಎರಡೂ ಒಂದೇ ಥರ ಕಾಣುತ್ತವೆ. ಜುಲೈ ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ಕಾಲುಸಂಕ, ತೂಗುಸೇತುವೆಗಳದ್ದು ಇನ್ನೊಂದು ಕಥೆ. ಸುಳ್ಯದ ಗಿರೀಶ್ ಭಾರದ್ವಾಜ್ ಹೊಳೆಗಳಿಗೆ ಕಟ್ಟಿದ ತೂಗುಸೇತುವೆಗಳು ನಡೆದು ಹೋಗುವವರಿಗಾಗಿ. ಸೇತುವೆ ಅಂತ ಟ್ಯಾಗ್ ಹಾಕಿ, ಅದರ ಮೇಲಿನ ದಾರಿಯನ್ನು ಮಾಮೂಲಿ ರಸ್ತೆ ಅಂತ ಬಿಟ್ಟರೆ ಆ್ಯಪ್ ನೇರವಾಗಿ ಜೀಪನ್ನೇ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಕಾಲುದಾರಿ ಅಂತ ಬರೆಯುವುದು ಸೇತುವೆ ಅಂತ ಬರೆಯುವಷ್ಟೇ ಮುಖ್ಯ.

ಪೇಟೆಯಲ್ಲಿ ತಪ್ಪು ಬೇರೆ ರೀತಿ ಆಗುತ್ತೆ. ಫ್ಲೈಓವರ್ ಗೆರೆ ಕೆಳಗಿನ ರಸ್ತೆಯನ್ನು ದಾಟುವಾಗ ಎರಡಕ್ಕೂ ಒಂದೇ ಬಿಂದು ಇರಬಾರದು. ಇದ್ದರೆ ದಾರಿ ಹುಡುಕುವ ಸಾಫ್ಟ್‌ವೇರ್ ಅದನ್ನು ಸರ್ಕಲ್ ಅಂದುಕೊಳ್ಳುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಮಧ್ಯದಲ್ಲಿ ‘ಎಡಕ್ಕೆ ತಿರುಗಿ’ ಅಂದರೆ ಎಲ್ಲಿಗೆ ತಿರುಗೋದು ಸ್ವಾಮಿ? ಲೇಯರ್ ಸಂಖ್ಯೆ ಎಷ್ಟು ಅಡಿ ಎತ್ತರ ಅಂತ ಹೇಳುವುದಿಲ್ಲ, ಯಾವುದರ ಮೇಲೆ ಯಾವುದು ಅಂತಷ್ಟೇ ಹೇಳುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ತನಕದ ಡಬಲ್ ಡೆಕ್ಕರ್‌ನಲ್ಲಿ ಫ್ಲೈಓವರ್ ರಸ್ತೆಗೆ 1, ಅದರ ಮೇಲಿನ ಮೆಟ್ರೋಗೆ 2. ನೆಲದ ರಸ್ತೆಗೆ ಏನೂ ಬೇಡ.

ಜೋಡಿ ಸೇತುವೆಗಳನ್ನು ಒಂದೇ ಗೆರೆಯಲ್ಲಿ ಮುಗಿಸುವವರೂ ಇದ್ದಾರೆ. 2024ರ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಪಕ್ಕದ ಹೊಸ ಸೇತುವೆ ಹಾಗೇ ಉಳಿಯಿತು. ಎರಡಕ್ಕೂ ಬೇರೆ ಬೇರೆ ಗೆರೆ ಇದ್ದರೆ ಬಿದ್ದದ್ದನ್ನು ಮಾತ್ರ ಮುಚ್ಚಿ, ಉಳಿದದ್ದರ ಮೇಲೆ ಎರಡೂ ದಿಕ್ಕಿನ ಓಡಾಟ ತೋರಿಸಬಹುದು. ಒಂದೇ ಗೆರೆ ಆಗಿದ್ದರೆ, ಹೆದ್ದಾರಿ ಪೂರ್ತಿ ಬಂದ್ ಅಥವಾ ಏನೂ ಆಗಿಲ್ಲ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

‘ಅಲ್ಲಿ ಏನಿದೆ ಅಂತ ಗೊತ್ತೇ ಇಲ್ಲದಿದ್ದರೆ?’ ಎಚ್ಚರಿಕೆಯನ್ನು ಹಾಗೇ ಬಿಡಿ. ಅದು ಕಣ್ಣಿಗೆ ಕಿರಿಕಿರಿ, ನಿಜ. ಆದರೆ ಊಹೆ ಮಾಡಿ ಹಾಕಿದ ಸೇತುವೆಯನ್ನು ಮತ್ತೆ ಯಾರೂ ಪರೀಕ್ಷಿಸುವುದಿಲ್ಲ. ನಕ್ಷೆಯ ಮೇಲೆ ಒಂದು ನೋಟ್ ಬಿಟ್ಟು, ಆ ಊರಿನ ಯಾರನ್ನಾದರೂ ಕೇಳಿ. ಸೇತುವೆ ಇದೆಯಾ ಅಂತ ಕೇಳಿದರೆ ಮೋರಿಗೂ ‘ಹೂಂ’ ಅಂದುಬಿಡುತ್ತಾರೆ. ಹಾಗಾಗಿ ‘ಕೆಳಗೆ ಪೈಪಾ, ಕಂಬವಾ? ಜೋರು ಮಳೆಗೂ ಬಸ್ ಬರುತ್ತಾ?’ ಅಂತ ಕೇಳಿ.